ಸಣ್ಣೋರನ್ನು ಕಂಡ ನಮ್ಮ ಭಾವ

ಹೊಸೂರಿನಿಂದ ಕೃಷ್ಣಗಿರಿಯವರೆಗೆ ಹುಡುಕಿದರೂ ನಮ್ಮ ಭಾವನಂಥ ಪುಕ್ಕಲ ಇನ್ನೊಬ್ಬ ಸಿಕ್ಕುವುದಿಲ್ಲ. ಇದನ್ನು ನಾನು ಯಾವ ಗುಡಿಯಲ್ಲಿ ಬೇಕಾದರೂ ಕರ್ಪೂರ ಹಚ್ಚಿ ಹೇಳಬಲ್ಲೆ! ಹಾಗೆಂದು ಅವನು ದೆವ್ವಕ್ಕೋ ಹಾವಿಗೋ ಹೆದರುವವನಲ್ಲ. ಒಮ್ಮೆ ಡೆಂಕಣಿಕೋಟೆ ಕಡೆಯ ಕಾಡುದಾರಿಯಲ್ಲಿ ಒಂಟಿ ಆನೆ ಎದುರಾಯಿತಂತೆ. ಜೊತೆಗಿದ್ದವರೆಲ್ಲ ಮರ ಹತ್ತಿದರು. ಇವನು ಮಾತ್ರ ಕೈಕಟ್ಟಿಕೊಂಡು ನಿಂತು, "ಇಷ್ಟು ದೊಡ್ಡದು ಕಣ್ಣಿಗೆ ಕಾಣ್ತದೆ ಕಣ್ರಲಾ, ಇದಕ್ಕೇನು ಹೆದ್ರೋದು?" ಎಂದನಂತೆ. ಅದೇ ಮನುಷ್ಯ, ಹೋಟೆಲಿನಲ್ಲಿ ಇಡ್ಲಿಯ ಮೇಲೆ ಒಂದು ನೊಣ ಕೂತರೆ ಎಲೆ ಬಿಟ್ಟು ಬೀದಿಗೆ ಓಡುತ್ತಿದ್ದ!

ಭಾವ ಅಂದರೆ ನನ್ನ ಸೋದರಮಾವನ ಮಗ. ಅವನ ತಂಗಿಯನ್ನೇ ನಾನು ಕಟ್ಟಿಕೊಂಡದ್ದು. ನನಗಿಂತ ಎರಡೇ ವರ್ಷ ದೊಡ್ಡವನು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು, ಅದಕ್ಕೇ ಈ ಏಕವಚನ; ಓದುವವರು ತಪ್ಪು ತಿಳಿಯಬಾರದು. ನನ್ನದು ಕೆಲಮಂಗಲದಲ್ಲಿ ಕುಲುಮೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟು ಸುತ್ತಿಗೆ ಹಿಡಿದೆ, ಅದಕ್ಕಾಗಿ ಒಂದು ದಿನವೂ ನಾಚಿದವನಲ್ಲ. ರಾಯಕೋಟೆ ಸಂತೆಯಲ್ಲಿ ನನ್ನ ಕುಡುಗೋಲನ್ನು ಬೆರಳಿನಿಂದ ತಟ್ಟಿ, ದನಿ ಕೇಳಿಯೇ ಯಾರ ಕೈಕೆಲಸ ಎಂದು ಹೇಳುವವರಿದ್ದರು. ಭಾವನದು ಕೃಷ್ಣಗಿರಿಯ ಒಂದು ಆಸ್ಪತ್ರೆಯಲ್ಲಿ, ರಕ್ತ ಪರೀಕ್ಷೆಯ ಕೋಣೆಯಲ್ಲಿ ಗಾಜು ತೊಳೆಯುವ ಕೆಲಸ.

ಅವನು ಕೆಟ್ಟದ್ದೇ ಅಲ್ಲಿ! ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಹಿತ್ತಾಳೆ ಕೊಳವೆಯ ಯಂತ್ರವೊಂದು ಆ ಕೋಣೆಯಲ್ಲಿತ್ತು. ಡಾಕ್ಟರು ಟೀ ಕುಡಿಯಲು ಹೋದ ಹೊತ್ತಿನಲ್ಲಿ ಭಾವ ತನ್ನ ಉಗುರಿನ ಕೊಳೆಯನ್ನೇ ಒಂದು ಹನಿ ನೀರಿಗೆ ಕದಡಿ, ಅದರಡಿ ಇಟ್ಟು ಇಣುಕಿದ. ಇಣುಕಿದವನು ಹಾಗೇ ನಿಂತುಬಿಟ್ಟ.

"ಏನ್ ಕಾಣಿಸ್ತು ಭಾವ?" ಎಂದು ಅವನು ಊರಿಗೆ ಬಂದಾಗ ಕೇಳಿದೆ.

"ಸಂತೆ ಕಣ್ಲಾ! ಕಡ್ಡಿ ಥರದೋರು, ಗುಂಡಗಿರೋರು, ಬಾಲ ಇರೋರು. ಒಬ್ರ ಮೇಲೊಬ್ರು ಬಿದ್ದು ಓಡಾಡ್ತಾವ್ರೆ. ಎಲ್ಲಿ? ನನ್ ಉಗುರೊಳಗೆ!"

"ನಿನ್ನ ನೋಡಿ ಏನಂದ್ರು?"

"ನಗಬ್ಯಾಡ. ಅವ್ರು ನಮ್ಮ ಮೈನ ಊರು ಅಂದ್ಕೊಂಡವ್ರೆ. ಎಲ್ಲಾರ ಒಂದು ಗಾಯ, ಒಂದು ಗೀರು ಸಿಕ್ರೆ ಸಾಕು, ಅದೇ ಬಾಗ್ಲು. ಒಳಕ್ಕೆ ಬಂದು ಮನೆ ಕಟ್ತಾರೆ, ಮಕ್ಕಳುಮರಿ ಮಾಡ್ತಾರೆ. ಬೆಳಿಗ್ಗೆ ಬಂದೋನು ಒಬ್ಬ, ಸಂಜೆಗೆ ಊರು ತುಂಬ ಅವನ ನೆಂಟ್ರೇ! ಆಮೇಲೆ ಊರಿನ ಯಜಮಾನ ಇರ್ತಾನಾ ಹೇಳು?"

ಅಂದಿನಿಂದ ಅವನ ಬಾಯಲ್ಲಿ ಅವರು 'ಸಣ್ಣೋರು'. ಎಷ್ಟು ಮರ್ಯಾದೆ ನೋಡಿ! ಹೆತ್ತ ತಂದೆಯನ್ನು ಏಕವಚನದಲ್ಲಿ ಕರೆದವನು ಉಗುರಿನ ಕೊಳೆಗೆ ಬಹುವಚನ ಕೊಟ್ಟ. ಕೃಷ್ಣಗಿರಿಯಿಂದ ನಮ್ಮೂರಿಗೆ ಬಸ್ಸಿನಲ್ಲಿ ಬರುವಾಗ ಕಂಬಿಯನ್ನೂ ಹಿಡಿಯುತ್ತಿರಲಿಲ್ಲ. ಒಮ್ಮೆ ಒಂದು ತಿರುವಿನಲ್ಲಿ ಹೋಗಿ ಟೊಮೆಟೊ ಬುಟ್ಟಿಯಲ್ಲಿ ಕೂತುಬಿಟ್ಟ.

"ಯೋವ್, ಕಂಬಿಯ ಪುಡಿಯ್ಯಾ!" ಕಂಬಿ ಹಿಡಿಯಯ್ಯಾ ಎಂದು ಕಂಡಕ್ಟರು ತಮಿಳಿನಲ್ಲಿ ಗದರಿದ.

"ಆ ಕಂಬೀಲಿ ಟಿಕೇಟಿಲ್ದೆ ಬಂದೋರು ಎಷ್ಟು ಜನ ಅವ್ರೆ ಗೊತ್ತಾ ನಿಂಗೆ?" ಎಂದು ಭಾವ ಕನ್ನಡದಲ್ಲೇ ಕೇಳಿದ.

ಪಾಪ, ಆ ಕಂಡಕ್ಟರು ರಾಯಕೋಟೆ ಬರುವುದರೊಳಗೆ ಎರಡು ಸಲ ತಲೆ ಎಣಿಸಿದನಂತೆ!

ಹೀಗೆ ನಗುತ್ತಿದ್ದ ನಮ್ಮ ಮನೆ ಒಂದು ವರ್ಷ ನಗುವುದನ್ನೇ ಮರೆಯಿತು.

ನನ್ನ ಹೆಂಡತಿಗೆ ತಾಯಿ ಇರಲಿಲ್ಲವಾದ್ದರಿಂದ ಚೊಚ್ಚಲ ಹೆರಿಗೆಯೂ ನಮ್ಮಲ್ಲೇ ಆಯಿತು. ನಮ್ಮ ಮನೆಗೊಂದು ಪದ್ಧತಿಯಿತ್ತು. ಮಗುವಿನ ಹೊಕ್ಕಳುಬಳ್ಳಿ ಕೊಯ್ಯುವ ಕತ್ತಿಯನ್ನು ಅದರ ಅಪ್ಪನೇ ಹೊಸದಾಗಿ ಬಡಿಯಬೇಕು. ಬಡಿದು, ಹದ ಹಾಕಿ, ಸಗಣಿಯಲ್ಲಿ ಮಾಡಿದ ಬೆನಕನ ಮಗ್ಗುಲಿಗೆ ಸಗಣಿಯ ಉಂಡೆಯಲ್ಲೇ ಸಿಕ್ಕಿಸಿ, ಗರಿಕೆ ಇಟ್ಟು, ಹೆರಿಗೆಯವರೆಗೆ ದಿನಾ ಕೈಮುಗಿಯಬೇಕು. ನಾನು ಬಡಿದ ಕತ್ತಿ ಹೇಗಿತ್ತೆಂದರೆ, ಊರಿನ ಕ್ಷೌರಿಕ ಬಂದು ನೋಡಿ ನಿಟ್ಟುಸಿರು ಬಿಟ್ಟು ಹೋದ!

ಗಂಡು ಮಗು. ಐದು ದಿನ ಚೆನ್ನಾಗಿತ್ತು. ಆರನೇ ದಿನ ಮೊಲೆ ಕಚ್ಚಲಿಲ್ಲ. ಬಾಯಿ ತೆರೆಯಲು ನೋಡಿದರೆ ದವಡೆ ಕಲ್ಲು. ಬಾಗಿಲು ಸದ್ದಾದರೂ ಸಾಕು, ಅಷ್ಟು ಪುಟ್ಟ ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತಿತ್ತು. ಅಮ್ಮ ಬಾಲಗ್ರಹ ಎಂದಳು, ತಾಯಿತ ಕಟ್ಟಿಸಿದಳು. ಕುಲುಮೆಯ ಸದ್ದಿಗೆ ಮಗು ನಡುಗುತ್ತದೆಂದು ನಾನು ಸುತ್ತಿಗೆ ಕೆಳಗಿಟ್ಟೆ. ಎಂಟನೇ ದಿನ ಮಗು ಹೋಯಿತು.

ಸುದ್ದಿ ಕೇಳಿ ಭಾವ ಬಂದ. ಅಳಲಿಲ್ಲ. ಬೆನಕನ ಮುಂದೆ ನಿಂತು, ಸಗಣಿಯಲ್ಲಿ ಕೊರೆದುಳಿದ ಸೀಳನ್ನೂ ಪಕ್ಕದಲ್ಲಿದ್ದ ಕತ್ತಿಯನ್ನೂ ನೋಡಿದ.

"ಇದು..."

"ನಾನೇ ಬಡಿದಿದ್ದು ಭಾವ. ಕೂದ್ಲು ಸೀಳ್ತದೆ" ಎಂದೆ. ಅಂಥ ದುಃಖದಲ್ಲೂ ಹೆಮ್ಮೆ ಬಿಟ್ಟಿರಲಿಲ್ಲ ನೋಡಿ ನನ್ನನ್ನು! ಭಾವ ನನ್ನ ಮುಖವನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದವನು, ಮುಚ್ಚಿಕೊಂಡು ಬಾವಿಯ ಕಡೆಗೆ ಹೋದ.

ಎರಡು ವರ್ಷಕ್ಕೆ ಹೆಂಡತಿ ಮತ್ತೆ ಬಸುರಾದಳು. ಮನೆಯಲ್ಲಿ ಯಾರೂ ತಿಂಗಳು ಎಣಿಸಲಿಲ್ಲ. ಇನ್ನೂ ಹುಟ್ಟದ ಮಗುವಿನ ಎಂಟನೇ ದಿನವನ್ನೇ ಎಲ್ಲರೂ ಒಳಗೊಳಗೆ ಎಣಿಸುತ್ತಿದ್ದೆವು. ಅವಳಂತೂ ಕನಸಿನಲ್ಲಿ ಬೆಚ್ಚಿ ತನ್ನ ದವಡೆಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಆಗ ಶುರುವಾಯಿತು ಭಾವನ ಭಾನುವಾರದ ದಂಡಯಾತ್ರೆ! ಬಂದವನೇ ಹೆರಿಗೆ ಕೋಣೆಗೆ ಸುಣ್ಣ ಬಳಿದ. ಪಕ್ಕದಲ್ಲಿದ್ದ ಹಸುಗಳನ್ನು ಹಿತ್ತಲಿಗೆ ಅಟ್ಟಿದ. ತಂಗಿಯನ್ನು ಆಸ್ಪತ್ರೆಗೆ ಕರೆದೊಯ್ದು, ಬಸುರಿಯರಿಗೆ ಹಾಕುವ ಸೂಜಿಯನ್ನು ಎರಡು ಸಲ ಹಾಕಿಸಿದ. ಅಮ್ಮ ಎದೆ ಬಡಿದುಕೊಂಡಳು:

"ಬಸುರಿ ಹೆಂಗಸಿಗೆ ಸೂಜಿ ಚುಚ್ತಾರೇನ್ಲಾ? ಆರು ಹೆತ್ತೀನಿ, ನಂಗ್ಯಾವ ಸೂಜಿ ಚುಚ್ಚಿದ್ರು?"

"ಆರ್ರಲ್ಲಿ ಉಳಿದೋರು ಎಷ್ಟು ಅತ್ತೆ?"

ಉಳಿದವರು ಇಬ್ಬರು. ಅಮ್ಮ ಎದ್ದು ಹೋಗಿ ಅವನಿಗೆ ನೀರು ಕಾಯಿಸಿಟ್ಟಳು.

ಮುಂದಿನ ಭಾನುವಾರ ಸೂಲಗಿತ್ತಿ ಅಜ್ಜಿಯ ಸರದಿ. "ಅಜ್ಜಿ, ಉಗುರು ಕತ್ತರಿಸ್ಕೊ. ಅದ್ರಾಗೆ ಸಣ್ಣೋರು ಅವ್ರೆ" ಎಂದ. ಅಜ್ಜಿ ಎಲೆಯಡಿಕೆ ಉಗಿದು, ಹತ್ತು ಬೆರಳೂ ಅವನ ಮೂಗಿನ ಮುಂದೆ ಹಿಡಿದಳು:

"ನೋಡ್ಕೊ ಚೆನ್ನಾಗಿ! ನಿನ್ನ ಈ ಭೂಮಿಗೆ ಎಳ್ದು ಹಾಕಿದ್ದು ಇವೇ ಉಗುರು ಕಣ್ಲಾ. ಆವತ್ತೇ ಕತ್ತರಿಸಿದ್ರೆ ಇವತ್ತು ಈ ಕಾಟ ಇರ್ತಿರ್ಲಿಲ್ಲ!"

ಆದರೂ ಅಜ್ಜಿಯ ಎದುರಿಗೇ ಕುಕ್ಕರಗಾಲಲ್ಲಿ ಕೂತು, ಅಂಗಲಾಚಿ, ಅವನೇ ಒಂದೊಂದಾಗಿ ಉಗುರು ತೆಗೆದ. ಹಬ್ಬಕ್ಕೆ ಬಳೆ ತೊಡಿಸುವವರೂ ಅಷ್ಟು ನಾಜೂಕಾಗಿ ಕೈ ಹಿಡಿದಿರಲಾರರು!

ಕೊನೆಗೆ ನನ್ನ ಕತ್ತಿಗೇ ಕೈ ಹಾಕಿದ. ನಾನು ಹೊಸ ಕತ್ತಿ ಬಡಿದು ಸಗಣಿಯಲ್ಲಿ ಸಿಕ್ಕಿಸಿದ್ದೆ. ಒಂದು ಭಾನುವಾರ ಕುಲುಮೆಯಿಂದ ಊಟಕ್ಕೆ ಬಂದು ನೋಡುತ್ತೇನೆ, ಕತ್ತಿ ಅಲ್ಲಿಲ್ಲ! ಒಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕೊತಕೊತ ಕುದಿಯುತ್ತಿದೆ, ಭಾವ ಪಕ್ಕದಲ್ಲಿ ಕೂತು ಸೌದೆ ತಳ್ಳುತ್ತಿದ್ದಾನೆ.

"ಬೆಂದಿರಬೇಕು ನೋಡಪ್ಪಾ, ಉಪ್ಪು ಹಾಕ್ಲಾ?" ಎಂದಳು ಅಮ್ಮ.

ನನಗೆ ಮೈಯೆಲ್ಲ ಉರಿಯಿತು. "ನನ್ನ ಕಬ್ಬಿಣಕ್ಕೆ ಏನ್ ಭಾವ ಕೊರತೆ? ಕೆಂಡದಾಗೆ ಕೆಂಪಗೆ ಕಾಯಿಸಿದ ಉಕ್ಕು ಅದು! ಅದ್ರ ಮ್ಯಾಲೆ ನಿನ್ನ ಸಣ್ಣೋರು ಕುಂತ್ರೆ ಸುಟ್ಟು ಬೂದಿ ಆಗ್ಬುಡ್ತಾರೆ!"

"ನಿನ್ ಕಬ್ಬಿಣಕ್ಕೆ ಯಾವ ಕೊರತೆನೂ ಇಲ್ಲ ಕಣ್ಲಾ" ಎಂದ ಮೆತ್ತಗೆ. ತಲೆ ಎತ್ತಲಿಲ್ಲ. "ಇದೊಂದು ಸಲ ನನ್ ಹುಚ್ಚಿಗೆ ಬಿಟ್ಬುಡು. ಹೆಂಗೂ ಹುಚ್ಚ ಅಂತೀಯಲ್ಲ."

ನಾನು ಉಣ್ಣದೆ ಕುಲುಮೆಗೆ ಹಿಂತಿರುಗಿದೆ. ಆ ಮಧ್ಯಾಹ್ನ ಬಡಿದ ನೇಗಿಲ ಗುಳ ಎರಡೂ ಸೊಟ್ಟಗಾದವು.

ಹೆರಿಗೆಯ ದಿನ ಭಾವ ಕತ್ತಿಯನ್ನು ಮತ್ತೊಮ್ಮೆ ಕುದಿಸಿ ಒಳಗೆ ಕೊಟ್ಟು, ಕಿಟಕಿಯ ಹೊರಗೆ ಪೊಲೀಸಿನವನ ಹಾಗೆ ನಿಂತಿದ್ದ. "ಅಜ್ಜಿ, ಸೋಪು ಹಾಕ್ಕೊಂಡ್ಯಾ? ಅಜ್ಜಿ, ಕುದಿಸಿದ ದಾರಾನೇ ಕಟ್ಟು! ಅಜ್ಜಿ, ಹೊಕ್ಕಳಿಗೆ ಬೂದಿ ಹಚ್ಚಿದ್ರೆ ನಾನು ಗೋಡೆ ಒಡ್ಕೊಂಡು ಬತ್ತೀನಿ!"

"ನೀನೇ ಬಂದು ಹೆತ್ಬುಡು!" ಎಂದು ಒಳಗಿನಿಂದ ಉತ್ತರ ಬಂತು. ಅದರ ಹಿಂದೆಯೇ ಮಗುವಿನ ಅಳು. ಹೆಣ್ಣು ಮಗು.

ಭಾವನಿಗೆ ರಜೆ ಇರಲಿಲ್ಲ, ಎಂಟನೇ ದಿನ ಬರುತ್ತೇನೆಂದು ಹೊರಟ. ಮೂರನೇ ದಿನ ಆಸ್ಪತ್ರೆಯ ನರ್ಸಮ್ಮ ಮಗುವನ್ನು ನೋಡಲು ಬಂದಳು. ಧರ್ಮಪುರಿ ಕಡೆಯವಳು, ಅರ್ಧ ತಮಿಳು ಅರ್ಧ ಕನ್ನಡ. ಹೊಕ್ಕಳು ಒಣಗಿದ್ದನ್ನು ಕಂಡು ಮೆಚ್ಚಿದಳು. ನಾನು ಮೊದಲ ಮಗುವಿನ ಕತೆ ಹೇಳಿದೆ.

"ಕತ್ತಿ ಎಂಗೆ ವಚ್ಚಿರುಂದೀಂಗ?" ಎಂದಳು. ಕತ್ತಿಯನ್ನು ಎಲ್ಲಿ ಇಟ್ಟಿದ್ದಿರಿ ಎಂದು.

ಹೇಳಿದೆ. ಅವಳು ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಅದು ಗ್ರಹ ಅಲ್ಲ ಅಣ್ಣಾ. ಧನುರ್ವಾಯು. ಸಗಣಿ, ಗೊಬ್ಬರದ ಮಣ್ಣು, ಅದೇ ಅದ್ರ ಮನೆ. ಕತ್ತಿಗೆ ಅಂಟ್ಕೊಂಡು ಹೊಕ್ಕಳಲ್ಲಿ ಒಳಗೆ ಹೋಗುತ್ತೆ. ಒಳಗೆ ಕೂತು ವಿಷ ಬಿಡುತ್ತೆ, ಆ ವಿಷಕ್ಕೇ ಬಾಯಿ ಕಟ್ಟೋದು."

"ಗಾಳಿಯಾಗೆ ಬರಲ್ವೇನಮ್ಮ? ಯಾರಾದ್ರೂ ಮುಟ್ಟಿದ್ರೆ?"

"ಗಾಳಿಯಲ್ಲಿ ಬರಲ್ಲ. ಮುಟ್ಟಿದ್ರೆ ಅಂಟಲ್ಲ. ಗಾಯದಲ್ಲೇ ಹೋಗ್ಬೇಕು" ಎಂದು ಚೀಲ ಎತ್ತಿಕೊಂಡು ಹೊರಟಳು.

ನಾನು ಕುಲುಮೆಯಲ್ಲಿ ಹೋಗಿ ಕೂತೆ. ಕೆಂಪಗೆ ಕಾದ ಉಕ್ಕಿನ ಮೇಲೆ ಯಾವ ಜೀವವೂ ಇರಲಾರದು, ನಿಜ. ಅದನ್ನು ತಣಿಸಿ, ಒರೆಸಿ, ಕಣ್ಣಿಗೊತ್ತಿಕೊಂಡು ಸಗಣಿಯಲ್ಲಿ ಸಿಕ್ಕಿಸಿದ ಕೈ ಯಾರದು? ಆ ಐದು ದಿನ ನನ್ನನ್ನು ಕೊರೆದ ಭಯ ಎರಡು. ತೊಟ್ಟಿಲಲ್ಲಿದ್ದ ಮಗು ಉಳಿಯುತ್ತದೋ ಇಲ್ಲವೋ ಎಂಬುದು ಒಂದು. ನನ್ನ ಕೈಗಳನ್ನು ಕಂಡರೇ ಆಗುವುದು ಇನ್ನೊಂದು. ಆರನೇ ದಿನ ಮಗು ಆಕಳಿಸಿದರೆ ಹೆಂಡತಿ ಕಿರುಚಿಕೊಂಡಳು. ಏಳನೇ ದಿನ ಅರ್ಧ ತಾಸು ಹೆಚ್ಚು ನಿದ್ದೆ ಮಾಡಿತೆಂದು ನಾವಿಬ್ಬರೂ ಅದರ ಕೆನ್ನೆ ಚಿವುಟಿ ಅಳಿಸಿದೆವು.

ಎಂಟನೇ ದಿನ ಮೊದಲ ಬಸ್ಸಿಗೇ ಭಾವ ಬಂದ. ಬಾಗಿಲಲ್ಲೇ ನಿಂತು, "ಹಾಲು ಕುಡೀತಾ?" ಎಂದ. ಅಷ್ಟರಲ್ಲಿ ಒಳಗೆ ಮಗು ಬಾಯಿಬಿಟ್ಟು ಅತ್ತಿತು. ಗಂಟಲಿನ ಕಿರುನಾಲಿಗೆ ಕಾಣುವಷ್ಟು ದೊಡ್ಡ ಬಾಯಿ! ಭಾವ ಧೂಳು ನೆಲವನ್ನೂ ನೋಡದೆ ಜಗಲಿಯ ಮೇಲೆ ಕುಸಿದು ಕೂತ.

ನಾನು ಅವನ ಪಕ್ಕ ಕೂತು ಕೇಳಿದೆ:

"ಭಾವ, ಆ ಮೊದಲನೇ ಕೂಸು... ನನ್ ಕತ್ತಿಯಿಂದಲೇ ಹೋಯ್ತಾ?"

ಬಸ್ಸಿನ ಕಂಬಿಯನ್ನೂ, ಮುದುಕಿಯ ಉಗುರನ್ನೂ, ಹೋಟೆಲಿನ ಇಡ್ಲಿಯನ್ನೂ ಬಿಡದೆ ಎಲ್ಲರ ಮುಖದ ಮೇಲೆ ಹೇಳಿದವನು. ಸಣ್ಣೋರ ವಿಷಯದಲ್ಲಿ ದೇವರು ಬಂದು ಕೇಳಿದರೂ ಒಂದು ಸುಳ್ಳು ಆಡದವನು. ಅವನು ನನ್ನ ಸುಟ್ಟ ಕಲೆಗಳ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಯಾರ್ಲಾ ಹೇಳಿದ್ದು ನಿಂಗೆ? ಅದು ಗಾಳೀಲಿ ಬಂದಿತ್ತು ಕಣ್ಲಾ. ಬರೀ ಗಾಳೀಲಿ."

"ಹೂಂ ಭಾವ," ಎಂದೆ, "ಗಾಳೀಲೇ ಬಂದಿರಬೇಕು."