ಫ್ರಿಜ್ಜಿನಲ್ಲಿ ಕಿಟ್ಟು

ಗಂಡಸಿಗೆ ಒಂದು ಹವ್ಯಾಸ ಇರಬೇಕು ಎಂದು ಉಪದೇಶಿಸುವವರು ಯಾರೂ ಆ ಗಂಡಸಿನ ಜೊತೆ ಒಂದೇ ಫ್ರಿಜ್ಜನ್ನು ಹಂಚಿಕೊಂಡಿರುವುದಿಲ್ಲ. ನಾನು ಹಂಚಿಕೊಂಡಿದ್ದೇನೆ. ಮೈಸೂರಿನಲ್ಲಿದ್ದಾಗ ನನ್ನ ಯಜಮಾನರು ಶ್ರೀಧರ್, ಜಿರಲೆ ಕಂಡರೆ ಕುರ್ಚಿ ಹತ್ತುತ್ತಿದ್ದ ಸಾಧುಪ್ರಾಣಿ. ಚೆನ್ನೈಗೆ ಬಂದು ಮನೆಯಿಂದಲೇ ಆಫೀಸಿನ ಕೆಲಸ ಶುರುವಾದದ್ದೇ ತಡ, ಅದ್ಯಾವುದೋ ವಿಡಿಯೋ ನೋಡಿ ಸತ್ತ ಪ್ರಾಣಿಗಳನ್ನು ಕೆಡದಂತೆ ಇಡುವ ವಿದ್ಯೆಗೆ ಬಿದ್ದರು. ಮೊದಲು ಬಾಲ್ಕನಿಯಲ್ಲಿ ಬಿದ್ದಿದ್ದ ಚಿಟ್ಟೆ. ಪರವಾಗಿಲ್ಲ, ಚೆನ್ನಾಗಿಯೇ ಇತ್ತು. ಆಮೇಲೆ ಪಲ್ಲಾವರಂ ಸಂತೆಯಿಂದ ದಂಟಿನ ಸೊಪ್ಪಿನ ಅಡಿಯಲ್ಲಿ ಮುಚ್ಚಿಟ್ಟು ತಂದ ಮೀನು. ಈರುಳ್ಳಿಯನ್ನೂ ತಿನ್ನದ ಮನೆತನ ನಮ್ಮದು! ಆ ವಾಸನೆಗೆ ಲಿಫ್ಟಿನಲ್ಲಿ ಸಿಕ್ಕವರೆಲ್ಲ ನನ್ನನ್ನು ಹೊಸ ಗೌರವದಿಂದ ನೋಡತೊಡಗಿದರು.

ಅಷ್ಟಕ್ಕೇ ನಿಂತಿದ್ದರೆ ನಾನು ಹೀಗೆ ಬರೆಯುತ್ತಿರಲಿಲ್ಲ. ಮೇಲಿನ ಮನೆಯಲ್ಲಿ ಪದ್ಮಾ ಮಾಮಿ ಒಬ್ಬರೇ ಇದ್ದಾರೆ. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಕನ್ನಡದವರು, ಮಾತಿನಲ್ಲಿ ಅರ್ಧ ತಮಿಳು. ಅವರ ಕಾಕಟೀಲ್, ಅಂದರೆ ಜುಟ್ಟಿನ ಪುಟ್ಟ ಗಿಳಿ, ಕಿಟ್ಟು ತೀರಿಕೊಂಡಿತು. ನಾನು ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು, "ಮಾಮಿ, ಮಣ್ಣು ಮಾಡ್ಬೇಡಿ. ಜೀವ ಇದ್ದ ಹಾಗೇ ಮಾಡಿ ಕೊಡ್ತೀನಿ" ಎಂದುಬಿಟ್ಟರು.

ಮಾಮಿ ಕಣ್ಣೊರೆಸಿಕೊಂಡು, "ನಿಜಮಾಗಿ ಆಗ್ತದಾ ಶ್ರೀಧರಾ? ಪಾವಂ, ಕೊಂಜ ಮೆಲ್ಲಗೆ ಮಾಡಪ್ಪಾ. ಅದಕ್ಕೆ ಕತ್ತು ಮುಟ್ಟಿದ್ರೆ ಆಗ್ತಿರಲಿಲ್ಲ" ಎಂದರು.

ಕಿಟ್ಟು ನಮ್ಮ ಫ್ರೀಜರಿನಲ್ಲಿ, ತುರಿದ ತೆಂಗಿನಕಾಯಿಯ ಡಬ್ಬಿಯ ಪಕ್ಕ ಮಲಗಿತು. ನಾನು ಚಟ್ನಿ ಮಾಡುವುದನ್ನೇ ಬಿಟ್ಟೆ. ಮುಂದಿನ ಭಾನುವಾರ ಊಟದ ಮೇಜಿನ ಮೇಲೆ ಚರ್ಮ ಬಿಡಿಸಿ, ಬೋರಾಕ್ಸ್ ಪುಡಿ ಸವರಿ, ಹತ್ತಿ, ತಂತಿ ತುಂಬಿ, ಹೊಲಿಗೆ ಹಾಕಿದ್ದಾಯಿತು. ಶೋಳಿಂಗನಲ್ಲೂರಿನ ನನ್ನ ಆಫೀಸಿಗೆ ಭಾನುವಾರ ರಜೆ ಯಾಕೆ ಕೊಡುತ್ತಾರೋ ಎಂದು ಅವತ್ತು ಅತ್ತುಕೊಂಡೆ. ತರಿಸಿದ ಗಾಜಿನ ಕಣ್ಣುಗಳು ಗೂಬೆಯ ಅಳತೆಯವು. ಹತ್ತಿ ಹೆಚ್ಚಾಗಿ ಕತ್ತು ಕೊಕ್ಕರೆಯಂತೆ ನೀಳವಾಯಿತು. ಒಟ್ಟಿನಲ್ಲಿ, ಕರೆಂಟ್ ಬಿಲ್ ನೋಡಿ ಬೆಚ್ಚಿಬಿದ್ದ ಹಕ್ಕಿ.

"ಇದನ್ನ ಮಾಮಿಗೆ ತೋರಿಸಿದ್ರೆ ಅವರೂ ಹೋಗ್ಬಿಡ್ತಾರೆ ಕಣ್ರೀ!" ಎಂದೆ. ಆದರೆ ಮಾಮಿ ಅಷ್ಟರಲ್ಲೇ ಬಾಗಿಲಲ್ಲಿದ್ದರು.

ಬಹಳ ಹೊತ್ತು ನೋಡಿದರು. ಕೊನೆಗೆ ಮಾಮಿ ಮೃದುವಾಗಿಯೇ, "ಇದು ನಮ್ಮ ಕಿಟ್ಟು ಅಲ್ಲಪ್ಪಾ. ಯಾವುದೋ ಬೇರೆ ಪಕ್ಷಿ. ಆದ್ರೂ ಬಿಸಾಡ್ಬೇಡಿ, ಇಲ್ಲೇ ಇರಲಿ" ಎಂದು ಹೊರಟುಹೋದರು.

ಯಜಮಾನರು ಎರಡು ಹೊತ್ತು ಊಟ ಬಿಟ್ಟು, ಹವ್ಯಾಸವನ್ನೂ ಬಿಟ್ಟು, ಈಗ ಕುಂಡದಲ್ಲಿ ಪುದೀನಾ ಬೆಳೆಯುತ್ತಿದ್ದಾರೆ. ಹಕ್ಕಿ ಮಾತ್ರ ನಮ್ಮ ನಡುಮನೆಯಲ್ಲೇ ಉಳಿಯಿತು. ಮಾಮಿ ದಿನಾ ಸಂಜೆ ಕರಿಬೇವು ಕೇಳುವ ನೆಪದಲ್ಲಿ ಬರುತ್ತಾರೆ, ಅದನ್ನು ನೋಡದವರ ಹಾಗೆ ಅದರ ಎದುರಿಗೇ ಕೂರುತ್ತಾರೆ, ಹೋಗುವಾಗ ಅದರ ಕಡೆ ತಿರುಗಿ "ವರಟ್ಟಾ?" ಎಂದು, ಹೋಗಿಬರಲೇ ಎಂದು, ಅಪ್ಪಣೆ ಕೇಳುತ್ತಾರೆ.

ಮೊನ್ನೆ ಯಜಮಾನರು, "ಪೀಡೆ, ತೆಗೆದುಬಿಡೋಣ" ಎಂದರು. ಮೈಯೆಲ್ಲ ಉರಿಯಿತು. "ಸುಮ್ನೆ ನಿಮ್ಮ ಪುದೀನಾಕ್ಕೆ ನೀರು ಹಾಕ್ಕೊಳ್ಳಿ. ಮಾಮಿ ಬರೋ ಹೊತ್ತಾಯ್ತು" ಎಂದು ರೇಗಿ, ನನ್ನದೇ ಬಾಚಣಿಗೆಯಿಂದ ಅದರ ಜುಟ್ಟು ಬಾಚತೊಡಗಿದೆ.