ಹತ್ತು ನಿಮಿಷಕ್ಕೆ ನಿಲ್ಲುವ ಎಂಜಿನ್

ಕನಕಪುರದಲ್ಲಿ ನನ್ನದು ಕಳೆ ತೆಗೆಯುವ, ಹುಲ್ಲು ಕೊಯ್ಯುವ ಸಣ್ಣ ಮೆಷಿನ್‌ಗಳ ರಿಪೇರಿ ಅಂಗಡಿ. "ಸ್ಟಾರ್ಟ್ ಆಯ್ತದೆ, ಆಮೇಲೆ ನಿಂತೋಯ್ತದೆ" ಎಂಬ ಮಾತು ಕೇಳದೆ ನನಗೊಂದು ದಿನವೂ ಕಳೆಯುವುದಿಲ್ಲ. ಮೊದಲೆಲ್ಲ ನಗು ಬರುತ್ತಿತ್ತು. ಎದುರಿಗೇ ಇನ್ನೊಂದು ರಿಪೇರಿ ಅಂಗಡಿ ಆದಮೇಲೆ, ಮಾಡಿಕೊಟ್ಟ ಮೆಷಿನ್ ವಾಪಸ್ ಬಂದರೆ ಗಿರಾಕಿ ಕೈತಪ್ಪಿದ ಹಾಗೇ ಅಂತ ಹೆದರಿಕೆ.

ನೊರೆ

ತಿಪ್ಪಸಂದ್ರದ ರೇಷ್ಮೆ ರೈತರೊಬ್ಬರ ಮೆಷಿನ್ ಎರಡು ಸಲ ಕೆಮ್ಮಿ ನಿಂತಿತು. ಟ್ಯಾಂಕ್ ಬಗ್ಗಿಸಿದರೆ ಪೆಟ್ರೋಲ್ ಜೊತೆ ನೊರೆ!

"ಏನ್ ಹಾಕಿದ್ರಿ?"

"ಪೆಟ್ರೋಲ್ ವಾಸ್ನೆ ರೇಷ್ಮೆ ಹುಳಕ್ಕಾಗಕಿಲ್ಲ ಅಂತ ನಮ್ಮನೆಯವ್ಳು ಸೋಪ್‌ಪುಡಿ ಹಾಕಿ ಟ್ಯಾಂಕ್ ಒಳ್ಗೂ ತೊಳ್ದವ್ಳೆ."

"ವಾಸನೆ ಹೋಯ್ತಾ?"

"ಹೋಯ್ತು ಕಣಣ್ಣ. ಅದ್ರ ಹಿಂದೇನೇ ಎಂಜಿನ್ನೂ ಹೋಯ್ತು."

ಕೈ ಮುಗಿಯುವವರು

ದೊಡ್ಡಮಳೂರು ಕಡೆಯವರೊಬ್ಬರು, "ಒಂದ್ ಸಾಲು ಮುಗ್ಯೋದ್ರೊಳ್ಗೆ ಐದ್ ಸಲ ನಿಂತೋಯ್ತದೆ, ಬಂದ್ ನೋಡು" ಎಂದು ಫೋನಿನಲ್ಲೇ ಗದರಿದರು. ಹೋದೆ. ನಾನು ಓಡಿಸಿದರೆ ಒಂದೇ ಸಮನೆ ಓಡಿತು. ಅವರ ಕೈಗೆ ಕೊಟ್ಟೆ. ರಸ್ತೆಯಲ್ಲಿ ಬೈಕೊಂದು ಹೋಯಿತು. ಇವರು ಹಿಡಿ ಬಿಟ್ಟು ಎರಡೂ ಕೈ ಜೋಡಿಸಿದರು. ಎಂಜಿನ್ ನಿಂತಿತು. ಹಾಲಿನ ಕ್ಯಾನ್ ಹೊತ್ತವರು ಬಂದರು. ಮತ್ತೆ ನಮಸ್ಕಾರ, ಮತ್ತೆ ನಿಂತಿತು. ಕಾಲಿಗೆ ಪೆಟ್ಟಾಗದಿರಲಿ ಎಂದು, ಹಿಡಿ ಬಿಟ್ಟೊಡನೆ ನಿಲ್ಲುವ ಹಾಗೆಯೇ ಆ ಮೆಷಿನ್ ಮಾಡಿರುತ್ತಾರೆ. ಇವರೋ ಪಂಚಾಯ್ತಿ ಎಲೆಕ್ಷನ್‌ಗೆ ನಿಂತಿದ್ದರು.

"ಈಗೇನ್ ಮಾಡ್ಲಿ?"

"ಏನೂ ಮಾಡ್ಬೇಡಿ. ಎಲೆಕ್ಷನ್ ಆದ್ಮೇಲೆ ಗೆದ್ರೂ ನೀವು ಯಾರಿಗೂ ಕೈ ಮುಗಿಯಲ್ಲ, ಸೋತ್ರೂ ಮುಗಿಯಲ್ಲ. ಮೆಷಿನ್ ತಾನಾಗೇ ಸರಿಹೋಗುತ್ತೆ" ಎಂದೆ.

ಮರಳವಾಡಿ ಅಕ್ಕ

ಮರಳವಾಡಿಯ ಅಕ್ಕನೊಬ್ಬರ ಮೆಷಿನ್ ಮೂರನೇ ಸಲ ವಾಪಸ್ ಬಂತು. ಅಂಗಡಿಯಲ್ಲಿ ಒಂದು ಗಂಟೆ ಗುಡುಗುತ್ತದೆ, ಅವರ ತೋಟದಲ್ಲಿ ಹತ್ತೇ ನಿಮಿಷ. ಪ್ಲಗ್ ಬದಲಿಸಿದ್ದೆ, ಕಾರ್ಬುರೇಟರ್ ತೊಳೆದಿದ್ದೆ.

"ಈ ಸಲಾನೂ ನಿಂತ್ರೆ ಎದ್ರುಗಡೆ ಅಂಗ್ಡೀಗೆ ಹೋಯ್ತೀನಿ. ನಮ್ಮೂರೋರ್ಗೂ ಅದ್ನೇ ಹೇಳ್ತೀನಿ" ಎಂದರು. ನನಗೆ ಜೀವ ಬಾಯಿಗೆ ಬಂತು. ಊರಿಗೆ ಊರೇ ನನ್ನ ಗಿರಾಕಿ. ಮತ್ತೆ ಎಲ್ಲ ಬಿಚ್ಚಿ ಜೋಡಿಸಿ, ಮೆಷಿನ್ ಜೊತೆ ನಾನೂ ಹೊರಟೆ.

ಹತ್ತು ನಿಮಿಷ ಓಡಿತು, ನಿಂತಿತು. ಟ್ಯಾಂಕಿನ ಮುಚ್ಚಳ ತಿರುಗಿಸಿದರೆ ಸುಸ್ಸೆಂದು ಗಾಳಿ ಒಳಗೆಳೆದುಕೊಂಡಿತು. ಮುಚ್ಚಳ ಸಡಿಲ ಬಿಟ್ಟರೆ ಓಡುತ್ತದೆ, ಬಿಗಿ ಮಾಡಿದರೆ ನಿಲ್ಲುತ್ತದೆ! ಮುಚ್ಚಳಕ್ಕೆ ಗಾಳಿಯಾಡಲು ಸಾಸಿವೆಯಷ್ಟು ತೂತಿರುತ್ತದೆ. ಅದು ಮುಚ್ಚಿಹೋಗಿ, ಗಾಳಿ ಒಳಗೆ ಬಾರದೆ ಪೆಟ್ರೋಲ್ ಎಂಜಿನ್‌ಗೆ ಇಳಿಯುತ್ತಿರಲಿಲ್ಲ.

ನನಗೆ ರೇಗಿತು. "ಅಕ್ಕ, ಇದಕ್ಕೇನ್ ಮೆತ್ತಿದ್ದೀರಿ?"

"ನಾನ್ಯಾಕ್ ಮೆತ್ಲಪ್ಪ? ರಿಪೇರಿ ಮುಗುಸ್ಬುಟ್ಟು, ಒಳ್ಳೇದಾಗ್ಲಿ ಅಂತ ಪ್ರತೀ ಸಲ ಈ ಮುಚ್ಳುಕ್ಕೆ ಗಂಧ ಕುಂಕುಮ ಇಡೋನು ನೀನೇ ಅಲ್ವಾ?"

ಉಗುರಿನಿಂದ ಕೆರೆದು ನೋಡಿದೆ, ಒಣಗಿದ ಗಂಧವೇ. ಅಕ್ಕ ಸೀರೆಯ ಪಿನ್ನು ತೆಗೆದು ತೂತು ಬಿಡಿಸಿದರು. ಎಂಜಿನ್ ಸಾಲು ಪೂರ್ತಿ ಓಡಿತು.

"ಎದುರುಗಡೆ ಅಂಗಡಿಗೆ ಹೋಗ್ತೀರಾ ಅಕ್ಕ?" ಎಂದೆ ಮೆಲ್ಲಗೆ.

"ಇಲ್ಲ ಬುಡಪ್ಪ, ನಿನ್ತಾವ್ಕೇ ಬತ್ತೀನಿ. ಆದ್ರೆ ಬೊಟ್ಟು ಹಣೆಗಿಡು, ಮೂಗಿನ್ ಹೊಳ್ಳೆಗ್ ಇಡ್ಬೇಡ."