ಪ್ಲೇನ್ ಎಂ.ಆರ್.ಐ., ಕುತ್ತಿಗೆ ಬೇಡ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮವರಲ್ಲಿ ಯಾರೇ ಫ್ಲ್ಯಾಟ್ ಬುಕ್ ಮಾಡಲಿ, ಮದುವೆಗೆ ಹಾಲ್ ಹಿಡಿಯಲಿ, ಫ್ರಿಜ್ ಕೊಳ್ಳಲಿ, ಚೌಕಾಸಿ ಮಾಡಲು ಜೊತೆಗೆ ನನ್ನನ್ನು ಕರೆದುಕೊಂಡು ಹೋಗುವುದು ವಾಡಿಕೆ. ಕುಂದಾಪುರದ ಕಡೆಯಿಂದ ಬಂದು, ಯಾರದೋ ಹೋಟೆಲಿನಲ್ಲಿ ಟೇಬಲ್ ಒರೆಸಿ, ಈಗ ಸ್ಟೇಷನ್ ಪಕ್ಕ ಸ್ವಂತ ಹೋಟೆಲ್ ನಡೆಸುತ್ತಿರುವವನು ನಾನು. ಉಲ್ಹಾಸನಗರದ ಪಾತ್ರೆ ಅಂಗಡಿಯವರು ನನ್ನನ್ನು ಕಂಡರೆ ಮೊದಲು ನಿಟ್ಟುಸಿರು ಬಿಡುತ್ತಾರೆ, ಆಮೇಲೆ ನಮಸ್ಕಾರ ಹೇಳುತ್ತಾರೆ. ಇಂಥ ನನಗೆ ಒಂದು ಎಂ.ಆರ್.ಐ. ಯಾವ ಲೆಕ್ಕ?

ಸ್ಕ್ಯಾನ್ ಆಗಬೇಕಾಗಿದ್ದುದು ನನ್ನ ಹೆಂಡತಿ ವಾರಿಜಾಳಿಗೆ. ಅವಳ ಬಲಗೈ ಬೆರಳುಗಳಿಗೆ ಜೋಮು ಹಿಡಿಯುತ್ತಿತ್ತು. ಸೌಟು ಕೈಯಿಂದ ಜಾರುತ್ತಿತ್ತು. ತಲೆನೋವಂತೂ ಮದುವೆಯಾದಾಗಿನಿಂದ ಇದೆ. ಅದಕ್ಕೆ ಕಾರಣ ಸ್ಕ್ಯಾನ್ ಇಲ್ಲದೆಯೂ ಗೊತ್ತು ಎಂದು ಅವಳು ನನ್ನ ಕಡೆ ನೋಡುತ್ತಾ ಹೇಳುವುದುಂಟು.

ನೆರೂಳಿನ ನರರೋಗದ ಡಾಕ್ಟರಮ್ಮ ಸಣ್ಣ ಸುತ್ತಿಗೆಯಿಂದ ಅವಳ ಮೊಣಕೈ, ಮೊಣಕಾಲು ತಟ್ಟಿ ನೋಡಿ, ಹಿಂದಿ ಮರಾಠಿ ಬೆರೆಸಿ ವಿವರಿಸಿದರು. ಮೆದುಳಿನೊಳಗೆ ಬಿಳಿಯ ಭಾಗ ಎಂದೊಂದಿದೆ. ಸುದ್ದಿ ಸಾಗಿಸುವ ತಂತಿಗಳೆಲ್ಲ ಅಲ್ಲಿವೆ. ಅಲ್ಲಿ ಗಾಯದಂಥದ್ದು ಆಗಿದ್ದರೂ ಜೋಮು ಹಿಡಿಯಬಹುದು. ಗಾಯ ಹೊಸದಾದರೆ ಔಷಧಿ ಬೇಗ ಶುರುವಾಗಬೇಕು. ತಡವಾದರೆ ಕೈಯ ಶಕ್ತಿ ಹೋದದ್ದು ಹೋದದ್ದೇ. ಹೀಗೆಂದು ಚೀಟಿ ಬರೆದರು. ಮೆದುಳು ಮತ್ತು ಕುತ್ತಿಗೆ, ಕಾಂಟ್ರಾಸ್ಟ್ ಇಂಜೆಕ್ಷನ್ ಸಹಿತ, ಮೂರು ಟೆಸ್ಲಾ ಮಶೀನಿನಲ್ಲಿ.

ಚೀಟಿ ಓದಿದ ಕೂಡಲೇ ನನಗೆ ಮೋಸ ಕಾಣಿಸಿತು. ಗಿರಾಕಿ ಬರೀ ಇಡ್ಲಿ ಕೇಳಿದರೆ "ವಡೆ ಹಾಕಲೇ, ಮೇಲೊಂದು ಕಾಫಿ?" ಎಂದು ನಾವೂ ಕೇಳುತ್ತೇವಲ್ಲ, ಅದೇ ವಿದ್ಯೆ!

ಕಲ್ಯಾಣದ ಆಚೆ ಹೊಸದಾಗಿ ತೆರೆದ ಸೆಂಟರೊಂದನ್ನು ಹುಡುಕಿದೆ. ಕೌಂಟರಿನವನಿಗೆ ಮೊದಲ ಪ್ರಶ್ನೆ ಹಾಕಿದೆ. "ಇರುವುದು ಒಂದೇ ತಲೆ. ಮೂರು ಟೆಸ್ಲಾ ಯಾಕೆ?"

ಆತ, ಟೆಸ್ಲಾ ಎಂದರೆ ಮಶೀನಿನ ಶಕ್ತಿಯ ಅಳತೆ, ತಮ್ಮಲ್ಲಿರುವುದು ಅದಕ್ಕಿಂತ ಕಡಿಮೆ ಶಕ್ತಿಯ ಹಳೆಯ ಮಶೀನು ಎಂದ. ಇಬ್ಬರಿರುವ ಮನೆಗೆ ಹೋಟೆಲಿನ ಗ್ರೈಂಡರ್ ತರುತ್ತಾರೆಯೇ? ಒಪ್ಪಿದೆ.

"ಕುತ್ತಿಗೆ ತೆಗೆದುಹಾಕಿ" ಎಂದೆ.

"ಶೇಟ್, ಡಾಕ್ಟರ್ ನೇ ಲಿಖಾ ಹೈ."

"ಡಾಕ್ಟರ್ ಬರೆಯುತ್ತಾರೆ. ಡೊಂಬಿವಲಿಯಿಂದ ಠಾಣೆಗೆ ಹೋಗುವವನು ನಡುವಿನ ಮುಂಬ್ರಾದಲ್ಲಿ ಇಳಿಯುತ್ತಾನೆಯೇ? ರೋಗ ಕೈಯಲ್ಲಿ, ಅನುಮಾನ ತಲೆಯಲ್ಲಿ. ಕುತ್ತಿಗೆ ಬರೀ ದಾರಿ."

ಇನ್ನು ಉಳಿದದ್ದು ಇಂಜೆಕ್ಷನ್. ಅದಿಲ್ಲದೆ ಮಾಡಿದರೆ "ಪ್ಲೇನ್" ಎನ್ನುತ್ತಾರಂತೆ. ಹೋಟೆಲಿನವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಸಾಲೆಯಾದರೂ ಪ್ಲೇನಾದರೂ ದೋಸೆ ಅದೇ, ಬಿಡುವುದು ಪಲ್ಯ ಮಾತ್ರ. ಪ್ಲೇನ್ ಹೇಳಿದೆ.

ಪಕ್ಕದ ಕುರ್ಚಿಯಿಂದ ವಾರಿಜಾ ಕೇಳಿದಳು, "ಅರ್ಧ ತಲೆ ಸಾಕು ಅಂತ ಹೇಳಿ ನೋಡಿ ಮಾರಾಯ್ರೆ, ಇನ್ನೂ ಕಡಿಮೆಗೆ ಆಗ್ತದೇನೋ."

ಸ್ಕ್ಯಾನ್ ಮುಗಿಸಿ ಹೊರಬಂದವಳನ್ನು ಒಳಗೆ ಹೇಗಿತ್ತೆಂದು ವಿಚಾರಿಸಿದೆ. "ಮೇಲಿನ ಮನೆಯವರು ಟೈಲ್ಸ್ ಒಡೆಸುವಾಗ ಆಗ್ತದಲ್ಲ, ಹಾಗೆ. ಇಲ್ಲಿ ಟೈಲ್ಸ್ ನಾನೇ."

ರಿಪೋರ್ಟ್ ಬಂತು. ಮೆದುಳಿನ ಬಿಳಿಯ ಭಾಗದಲ್ಲಿ ಸಣ್ಣ ಸಣ್ಣ ಚುಕ್ಕೆಗಳು "ಹಲವು" ಕಾಣುತ್ತಿವೆ ಎಂದು ಅದರ ಸಾರ. ಕಾರಣ ಖಚಿತವಾಗಿ ಹೇಳಲಾಗದು, ವೈದ್ಯರು ಇತರ ಲಕ್ಷಣಗಳೊಂದಿಗೆ ತಾಳೆ ನೋಡಬೇಕು ಎಂದೂ ಇತ್ತು.

ವಾರಿಜಾಳ ಅಣ್ಣ ಸದಾನಂದ ಭಾವ ಠಾಣೆಯಿಂದ ಧಾವಿಸಿದ. ಬ್ಯಾಂಕಿನಿಂದ ರಿಟೈರ್ ಆದವನು, ಆದ್ದರಿಂದ ಸಕಲ ಶಾಸ್ತ್ರ ಪಾರಂಗತ. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು, ಕನ್ನಡಕ ಏರಿಸಿ ಇಳಿಸಿ, "ಇದು ಶೀತ" ಎಂದ. ಫಿಲ್ಮ್ ತಲೆಕೆಳಗಾಗಿತ್ತು.

ಮರುದಿನ ನೋಡಿದರೆ ವಾರಿಜಾ ಎಡಗೈಯಲ್ಲಿ ಸೌಟು ಹಿಡಿದು ಸಾರು ತಿರುವುತ್ತಿದ್ದಳು. ಕೇಳಿದ್ದಕ್ಕೆ, "ಅಭ್ಯಾಸ ಆಗಲಿ. ಬಲಗೈ ಹೋದ್ರೆ ನಿಮಗೆ ಬಡಿಸುವವರು ಯಾರು?" ಎಂದಳು. ಕೆಲವು ಹನಿ ಸಾರು ಒಲೆಯ ಮೇಲೆ ಚೆಲ್ಲಿತು. ಬಟ್ಟೆ ತೆಗೆದು ನಾನೇ ಒರೆಸಿದೆ. ಒರೆಸುವ ಕಸುಬು ಮರೆತಿರಲಿಲ್ಲ.

ಇಂಥ ಹೊತ್ತಿನಲ್ಲಿ ಬುದ್ಧಿಯಿರುವ ಗಂಡ ನೆರೂಳಿಗೆ ಓಡುತ್ತಾನೆ. ನಾನು ಸೆಂಟರಿಗೆ ಫೋನ್ ಮಾಡಿದೆ. ರಿಪೋರ್ಟ್ ಬರೆದ ಡಾಕ್ಟರನ್ನೇ ಹಿಡಿದೆ.

"ಸಾಹೇಬರೇ, 'ಹಲವು' ಎಂದು ಬರೆದಿದ್ದೀರಿ. ಮನೆಯಲ್ಲಿ ಹೆಂಗಸು ಹೆದರಿದ್ದಾಳೆ. 'ಕೆಲವು' ಮಾಡಿಕೊಡಿ."

ಆತ ಮಶೀನು, ಚಿತ್ರದ ಸ್ಪಷ್ಟತೆ, ಏನೇನೋ ಹೇಳಿದ. ನಾನು ಬಿಡಲಿಲ್ಲ. ನಮ್ಮವರಲ್ಲಿ ಹತ್ತಾರು ಜನರನ್ನು ಅಲ್ಲಿಗೆ ಕಳಿಸುವ ಆಸೆ ತೋರಿಸಿದೆ. ಕೊನೆಗೆ ಆತ ದಣಿದು, ಆ ಹಳೆಯ ಮಶೀನಿನ ಚಿತ್ರದಲ್ಲಿ ಖಚಿತವಾಗಿ ಎಣಿಸಲು ಆಗುವುದೂ ಇಲ್ಲ ಎಂದು ಗೊಣಗುತ್ತಾ, "ಕೆಲವು" ಎಂದು ತಿದ್ದಿಕೊಟ್ಟ. ಸೆಂಟರಿಗೆ ಹೋಗಿ ಆ ಕಾಗದ ಹಿಡಿದು ವಿಜಯಶಾಲಿಯಾಗಿ ಮನೆಗೆ ಬಂದೆ.

"ಚುಕ್ಕೆ ಕಡಿಮೆ ಮಾಡಿಸಿದೆ" ಎಂದೆ.

ವಾರಿಜಾ ಎರಡೂ ಕಾಗದ ನೋಡಿದಳು. "ಎಲ್ಲಿ ಕಡಿಮೆ ಆದದ್ದು? ನನ್ನ ತಲೆಯಲ್ಲೋ, ಈ ಕಾಗದದಲ್ಲೋ?"

ಎರಡೂ ಕಾಗದ, ಫಿಲ್ಮ್ ಹಿಡಿದು ನೆರೂಳಿಗೆ ಹೊರಟೆವು.

ನೆರೂಳಿನ ಡಾಕ್ಟರಮ್ಮ ಫಿಲ್ಮ್ ನೋಡಿದರು. ಅವರು ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. ತೀರ ಮೆತ್ತಗೆ ಕೇಳಿದರು, "ಕುತ್ತಿಗೆ ಎಲ್ಲಿದೆ?"

"ಅದು... ಬಿಟ್ಟೆವು."

"ಕಾಂಟ್ರಾಸ್ಟ್?"

"ಪ್ಲೇನ್ ತಗೊಂಡೆವು."

"ಹೊಸ ಗಾಯವಾದರೆ ಇಂಜೆಕ್ಷನ್ ಕೊಟ್ಟಾಗ ಮಿನುಗುತ್ತದೆ, ಹಳೆಯದಾದರೆ ಇಲ್ಲ. ತಲೆಯಿಂದ ನನಗೆ ಬೇಕಾಗಿದ್ದ ಉತ್ತರ ಅದೊಂದೇ. ನೀವು ಅದನ್ನೇ ಬಿಟ್ಟು ಮಿಕ್ಕಿದ್ದೆಲ್ಲ ತಂದಿದ್ದೀರಿ."

"ಡಾಕ್ಟ್ರೇ, ಇವರದ್ದು ಮೊದಲಿಂದ ಹೀಗೇ" ಎಂದಳು ವಾರಿಜಾ. "ಮದುವೆಗೆ ವಾಲಗದವರನ್ನು ಗೊತ್ತುಮಾಡಿ, ಡೋಲು ಬೇಡ ಅಂದವರು."

ಡಾಕ್ಟರಮ್ಮ ಹೇಳಿದ ಜಾಗದಲ್ಲಿ, ಹೇಳಿದ ಮಶೀನಿನಲ್ಲಿ, ಹೇಳಿದಷ್ಟೂ ಮತ್ತೆ ಮಾಡಿಸಿದೆವು. ಕೌಂಟರಿನಲ್ಲಿ ನನ್ನ ತುಟಿ ತಾನಾಗಿ ಅಲುಗಿತು. ವಾರಿಜಾ ಎಡಗೈಯಿಂದ ನನ್ನ ತೋಳು ಚಿವುಟಿದಳು. ಅಷ್ಟು ದಿನದ ಅಭ್ಯಾಸದಿಂದ ಆ ಕೈಗೆ ಒಳ್ಳೆಯ ಬಲ ಬಂದಿತ್ತು.

ಈ ಸಲ ಚಿತ್ರ ಸ್ಪಷ್ಟವಾಗಿತ್ತು. ಬಿಳಿಯ ಭಾಗದ ಚುಕ್ಕೆ ಒಂದೂ ಮಿನುಗಿರಲಿಲ್ಲ. ವರ್ಷಗಟ್ಟಲೆ ಅರೆತಲೆನೋವಿದ್ದವರಲ್ಲಿ ಇಂಥವು ಕಾಣುತ್ತವೆ, ಹೆದರಬೇಕಾಗಿಲ್ಲ ಎಂದರು ಡಾಕ್ಟರಮ್ಮ. ಬೆರಳಿನ ಜೋಮಿನ ಕಾರಣ ಕುತ್ತಿಗೆಯಲ್ಲಿತ್ತು. ಅಲ್ಲೊಂದು ಡಿಸ್ಕ್ ಸರಿದು ನರವನ್ನು ಒತ್ತುತ್ತಿತ್ತು. ವ್ಯಾಯಾಮ ಮಾಡಿದರೆ ಬಹುಮಟ್ಟಿಗೆ ಸರಿಹೋಗುವಂಥದ್ದು. ನಾನು ಬುದ್ಧಿವಂತಿಕೆಯಿಂದ ಕತ್ತರಿಸಿ ಹಾಕಿದ ಒಂದೇ ಭಾಗದಲ್ಲಿ, ನಾನು ಬರುವುದನ್ನೇ ಕಾಯುತ್ತಾ, ರೋಗ ಆರಾಮವಾಗಿ ಕೂತಿತ್ತು!

ವಾರಿಜಾ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು. ಅವಳ ಕಣ್ಣು ಒದ್ದೆಯಾಗಿದ್ದನ್ನು ಕಂಡೆ. ಅವಳು ಇಷ್ಟು ದಿನ ಎಷ್ಟು ಹೆದರಿದ್ದಳೆಂದು ನನಗೆ ತಿಳಿದದ್ದು ಆಗಲೇ.

ವಾತಾವರಣ ತಿಳಿಮಾಡಲೆಂದು ಡಾಕ್ಟರಮ್ಮ ನನ್ನ ಕಡೆ ತಿರುಗಿ, "ನಿಮ್ಮ ತಲೆಯದ್ದೂ ಒಂದು ತೆಗೆಸೋಣವೇ?" ಎಂದರು.

"ಬೇಡ ಡಾಕ್ಟ್ರೇ" ಎಂದಳು ವಾರಿಜಾ, ಸೆರಗಿನಿಂದ ಕಣ್ಣೊರೆಸುತ್ತಾ. "ಒಳಗೆ ಜಾಗ ಖಾಲಿ ಉಂಟು ಅಂತ ಗೊತ್ತಾದ್ರೆ ಬಾಡಿಗೆಗೆ ಕೊಡ್ತಾರೆ."

ಇಬ್ಬರೂ ನಕ್ಕರು. ನಾನೂ ನಕ್ಕೆ. ಆದರೆ ನಿಜ ಹೇಳಬೇಕೆಂದರೆ, ಆ ಮಾತು ಕೇಳಿದಾಗ ನಾಚಿಕೆಗಿಂತ ಮೊದಲು ನನ್ನ ತಲೆಗೆ ಬಂದದ್ದು ಡಿಪಾಸಿಟ್ ಎಷ್ಟು ಕೇಳಬಹುದು ಎಂಬುದು.